ಎಡೆಗೆ ಮೊದಲು ತೆಗೆದಿಟ್ಟದ್ದು

ನನ್ನ ಗಂಡ ಶೋಧನೆಯನ್ನು ಹುಡುಕಿಕೊಂಡು ಬಸ್ ಹತ್ತುವ ಮನುಷ್ಯ. ಶೋಧನೆ ಎಂದರೆ ನಮ್ಮ ಕ್ರೈಸ್ತರ ಮಾತಿನಲ್ಲಿ ಪಾಪಕ್ಕೆ ಎಳೆಯುವ ಆಸೆ. ಬೇರೆ ವಿಶ್ವಾಸಿಗಳಿಗೆ ಅದು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಅವರು ಹೇಗೋ ತಪ್ಪಿಸಿಕೊಳ್ಳುತ್ತಾರೆ, ಇಲ್ಲವೇ ಬಿದ್ದು, ಅತ್ತು, ಪ್ರಾರ್ಥನೆ ಮಾಡಿ ಏಳುತ್ತಾರೆ. ಇವರಿಗೆ ಅಷ್ಟೆಲ್ಲ ಕಾಯುವ ತಾಳ್ಮೆಯಿಲ್ಲ. ಯುಗಾದಿಯ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ಲೀಟರಿನ ನೀರಿನ ಬಾಟಲಿ ಹಿಡಿದು, ನನ್ನನ್ನೂ ಹೊರಡಿಸಿಕೊಂಡು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಹಿಂದೂಪುರದ ಬಸ್ಸಿಗೆ ನಿಲ್ಲುತ್ತಾರೆ. ಕೊಡಿಗೇನಹಳ್ಳಿಯಲ್ಲಿ ಇಳಿದು ಆಟೋ ಹಿಡಿದರೆ ಅವರು ಹುಟ್ಟಿದ ಊರು. ಅಲ್ಲಿ ಅವರ ತಾಯಿ ಮುನಿಯಮ್ಮ ತಮ್ಮ ದೇವರ ಎಡೆಗೆಂದು ಮಾಡಿದ ಒಬ್ಬಟ್ಟನ್ನು ತಿನ್ನದೆ ವಾಪಸ್ ಬರುವುದೇ ಈ ಪ್ರಯಾಣದ ಉದ್ದೇಶ.

ತಿನ್ನದೇ ಇರೋದಕ್ಕೆ ಅಲ್ಲಿಯವರೆಗೂ ಹೋಗಬೇಕಾ, ಮನೆಯಲ್ಲೇ ಕೂತು ತಿನ್ನದೇ ಇರಬಹುದಲ್ಲ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಓಡಿ ಹೋದ್ರೆ ಅದು ಜಯ ಅಲ್ಲ ಕಣೇ. ಸೈತಾನನ ಎದುರಿಗೆ ಕೂತು ಗೆಲ್ಲಬೇಕು" ಎಂದರು.

ಸೈತಾನ ಎಂದರೆ ಅವರ ಲೆಕ್ಕದಲ್ಲಿ ಬೇಳೆ, ಬೆಲ್ಲ, ಮೈದಾ, ತುಪ್ಪ.

ಗೆದ್ದದ್ದು ಭಾನುವಾರ ಬಡ್ಡಿ ಸಮೇತ ವಸೂಲಾಗುತ್ತಿತ್ತು. ನಮ್ಮ ಪ್ರಾರ್ಥನಾ ಮಂದಿರ ಮಧುಗಿರಿಯಲ್ಲಿ ಒಂದು ಟೈರ್ ಅಂಗಡಿಯ ಮೇಲೆ, ಶೀಟಿನ ಮಾಡಿನ ಕೆಳಗೆ. ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ದೇವರು ಆ ವಾರ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಸಣ್ಣರಂಗಯ್ಯ ಅಂತ ಒಬ್ಬರಿದ್ದಾರೆ, ಕುಡಿತ ಬಿಡಲು ಹೆಣಗುತ್ತಿರುವವರು. ಅವರು ಎದ್ದು "ಈ ವಾರ ಒಂದ್ಸಲ ಬಿದ್ದೆ, ಪ್ರಾರ್ಥನೆ ಮಾಡ್ರಪ್ಪ" ಎಂದು ಕೂತುಬಿಡುತ್ತಾರೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆಮೇಲೆ ಪಾಸ್ಟರ್ "ಬ್ರದರ್ ಅನಿಲ್ ಕುಮಾರ್" ಎನ್ನುತ್ತಾರೆ. ಇವರು ಏಳುತ್ತಾರೆ. ಮೈಕು ಬೇಡ ಎನ್ನುತ್ತಾ ಮೈಕು ತಗೊಳ್ಳುತ್ತಾರೆ.

"ಪ್ರಿಯರೇ, ಕಾವಲಿ ಮೇಲೆ ಒಬ್ಬಟ್ಟು ಉಬ್ಬುತ್ತಾ ಇತ್ತು. ತುಪ್ಪದ ವಾಸನೆ ಬೀದಿ ತನಕ. ಹೆತ್ತ ತಾಯಿ ಕೈಮುಗಿದು, ಒಂದೇ ಒಂದು ತಿನ್ನಪ್ಪ ಅಂದ್ಳು. ನನ್ನ ಕಣ್ಣಲ್ಲಿ ನೀರು. ಆದ್ರೆ ನಾನು, ಸೈತಾನನೇ ತೊಲಗು, ಅಂದೆ."

ಸಭೆಯೆಲ್ಲ "ಸ್ತೋತ್ರ" ಎನ್ನುತ್ತಿತ್ತು. ಬಾಯಲ್ಲಿ ನೀರೂರಿಸಿಕೊಂಡು ಹೇಳುವ ಸ್ತೋತ್ರವನ್ನು ನೀವು ಕೇಳಿಲ್ಲದಿದ್ದರೆ ಅಲ್ಲಿ ಬಂದು ಕೇಳಬೇಕು. ಅರ್ಧ ಸಭೆ ಮನೆಗೆ ಹೋಗಿ ಕಡಲೆಬೇಳೆ ನೆನೆಹಾಕುತ್ತಿತ್ತು ಎಂದು ನನಗೆ ಗುಮಾನಿ. ಇನ್ನು ತಾಯಿ ಕೈಮುಗಿದದ್ದು, ಇವರ ಕಣ್ಣಲ್ಲಿ ನೀರು ಬಂದದ್ದು ಎಲ್ಲ ಸುಳ್ಳು. ಪಕ್ಕದಲ್ಲಿ ಕೂತಿದ್ದವಳು ನಾನೇ ಅಲ್ಲವೇ.

ನನ್ನ ತವರಿನವರು ತಾತನ ಕಾಲದಿಂದ ಕ್ರೈಸ್ತರು. ತುಮಕೂರಿನ ನಮ್ಮ ಬೀದಿಯಲ್ಲಿ ಯುಗಾದಿಗೆ ಅಕ್ಕಪಕ್ಕದವರ ಒಬ್ಬಟ್ಟು ನಮ್ಮ ಮನೆಗೆ ಬರುತ್ತಿತ್ತು, ಕ್ರಿಸ್ಮಸ್ಸಿಗೆ ನಮ್ಮ ಕರಿದ ಸಿಹಿ ಕಲ್‌ಕಲ್ ಅವರ ಮನೆಗೆ ಹೋಗುತ್ತಿತ್ತು. ಅಜ್ಜಿ ತಟ್ಟೆಯ ಮುಂದೆ ಕಣ್ಣು ಮುಚ್ಚಿ, ಕೊಟ್ಟ ದೇವರಿಗೂ ಕೊಟ್ಟ ಕೈಗೂ ಸ್ತೋತ್ರ ಎಂದು ಹೇಳಿ ತಿನ್ನುತ್ತಿದ್ದಳು. ಅವಳ ನಂಬಿಕೆ ಒಂದು ಒಬ್ಬಟ್ಟಿಗೆ ಅಲ್ಲಾಡುವಂಥದಾಗಿರಲಿಲ್ಲ. ಇವರು ಹಾಸ್ಟೆಲಿನಲ್ಲಿ ಓದುವಾಗ ದೀಕ್ಷಾಸ್ನಾನ ತಗೊಂಡವರು. ಹೊಸದಾಗಿ ಮತಕ್ಕೆ ಬಂದವನು ಜಾಸ್ತಿ ಕುಣಿಯುತ್ತಾನೆ ಎಂದು ಅಪ್ಪ ಎಚ್ಚರಿಸಿದ್ದ. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಮೀಟರ್ ರೀಡರ್ ಕೆಲಸವಿದೆ ಎಂದು ನಾನೇ ಒಪ್ಪಿದ್ದೆ. ತಪ್ಪು ಯಾರದೂ ಅಲ್ಲ, ನನ್ನದೇ.

ಈಗ ಅತ್ತೆಯ ವಿಷಯ. ಹಬ್ಬದ ದಿನ ಮುನಿಯಮ್ಮನದು ಮೀಸಲು ಅಡುಗೆ. ಎಂದರೆ, ಮನೆದೇವರು ತಿಮ್ಮಪ್ಪನ ಮುಂದೆ ಎಡೆ ಇಡುವವರೆಗೆ ಮಾಡಿದ್ದನ್ನು ಯಾರೂ ಬಾಯಿಗಿಡಬಾರದು, ಅದರಿಂದ ಒಂದು ಚೂರೂ ಬೇರೆ ತೆಗೆಯಬಾರದು. ಮಾಡುವವರು ಉಪ್ಪು, ಬೆಲ್ಲ ನೋಡಲು ಕೂಡ ನಾಲಿಗೆಗೆ ತಗುಲಿಸುವಂತಿಲ್ಲ. ಆಕೆ ಬೆಳಗಿನ ನಾಲ್ಕಕ್ಕೆ ತಲೆಗೆ ನೀರು ಹಾಕಿಕೊಂಡು ಒಲೆ ಮುಂದೆ ನಿಂತರೆ ಎಡೆಯಾಗುವ ಹನ್ನೆರಡರ ತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಕೈಗೆಲ್ಲ ಹೂರಣ ಮೆತ್ತಿಕೊಂಡಿದ್ದರೂ ಬೆರಳು ಬಾಯಿಗೆ ಹೋದದ್ದನ್ನು ನಾನು ಕಂಡಿಲ್ಲ. ದೊಡ್ಡ ಮಗ ಮೂಡಲಗಿರಿಯಪ್ಪನ ಮಗಳು ರಕ್ಷಾ ಚಿಕ್ಕವಳಿದ್ದಾಗ ಒಂದು ಚಿಟಿಕೆ ಹೂರಣ ಬಾಯಿಗೆ ಹಾಕಿಕೊಂಡಳಂತೆ. ಮಗುವಿನ ಕೈಗೆ ಸೌಟಿನ ಏಟು ಬಿತ್ತು, ಮಾಡಿದ್ದೆಲ್ಲ ಎಮ್ಮೆಗೆ ಹೋಯಿತು, ಅತ್ತೆ ಮತ್ತೆ ಮೊದಲಿಂದ ಬೇಳೆ ಬೇಯಿಸಿದರು. ಶೋಧನೆ ಎದುರಿಸುವುದು ಎಂದರೆ ಅದು. ಅದಕ್ಕೆ ಆಕೆ ಯಾವ ಮೈಕಿನಲ್ಲೂ ಸಾಕ್ಷಿ ಹೇಳಲಿಲ್ಲ.

ಅಂಥ ಹೆಂಗಸು ನನ್ನ ಮೊದಲ ಯುಗಾದಿಯ ದಿನ ಒಂದು ಸ್ಟೀಲ್ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಗೆ ಬಂದು, ಮಗನ ಪಕ್ಕ ಕೂತು ಪಿಸುಗುಟ್ಟಿದರು.

"ದ್ಯಾವ್ರಿಗಿಟ್ಟಿದ್ದಲ್ಲ ಕಣ್ಲಾ ಮಗ. ಎಡೆಗೆ ಮೊದ್ಲೇ ತೆಗ್ದಿಟ್ಟಿವ್ನಿ. ಯಾರ್ಗೂ ಗೊತ್ತಿಲ್ಲ. ತಿನ್ನು."

ನನಗೆ ಮೈ ಜುಂ ಎಂದಿತು. ಮಗ ದೇವರ ಎಡೆಯದನ್ನು ತಿನ್ನುವುದಿಲ್ಲವೆಂದು ಈ ತಾಯಿ ತನ್ನ ದೇವರ ಮೀಸಲನ್ನೇ ಮುರಿದಿದ್ದಳು. ಮಗನಿಗೆ ಏನೂ ಅನ್ನಿಸಲಿಲ್ಲ.

"ಒಲೆಗೆ ಕುಂಕುಮ ಇಟ್ಟಿದ್ಯಲ್ಲವ್ವ. ಆ ಒಲೆ ಮೇಲೆ ಬೆಂದಿದ್ದು ನಂಗೆ ಬ್ಯಾಡ" ಎಂದರು.

ಅದು ಗ್ಯಾಸ್ ಒಲೆ. ಗ್ಯಾಸ್ ಒಲೆಯ ಕುಂಕುಮಕ್ಕೆ ಹೆದರಿದ ಮಹಾಶೂರ ಬಾಟಲಿ ತೆರೆದು ಗಟಗಟ ನೀರು ಕುಡಿದರು. ಅತ್ತೆ ಡಬ್ಬಿಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. ಹೊರಡುವಾಗ ಡಬ್ಬಿಯನ್ನು ನನ್ನ ಬ್ಯಾಗಿನೊಳಗೆ ತುರುಕಿದರು. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದುದರಿಂದ ಆಕೆ ನನ್ನನ್ನು ಕರೆಯುತ್ತಿದ್ದದ್ದು ನರ್ಸಮ್ಮ ಎಂದೇ.

"ದಾರೀಲಿ ಹೊಟ್ಟೆ ಹಸಿದ್ರೆ ಕೊಡು ನರ್ಸಮ್ಮ. ಹಸಿದಾಗ ಒಲೆ ನೆನಪಾಗಕ್ಕಿಲ್ಲ."

ಬಸ್ಸಿನಲ್ಲಿ ಹೇಳಿದೆ. "ಬಿಸಾಕು" ಎಂದರು. ಹೆಂಗಸರ ಸೀಟಿನಲ್ಲಿ ಕೂತು ಡಬ್ಬಿ ತೆರೆದೆ. ನಾಲ್ಕು ಪುಟ್ಟ ಒಬ್ಬಟ್ಟು, ಎಡೆಯ ಒಬ್ಬಟ್ಟಿಗಿಂತ ಚಿಕ್ಕವು. ತಿಂದರೆ ಏಲಕ್ಕಿ ಜೋರಾಗಿತ್ತು. ನನಗೆ ಏಲಕ್ಕಿ ಅಷ್ಟಾಗಿ ಸೇರುವುದಿಲ್ಲ. ಇವರಿಗೆ ಕಾಫಿಗೂ ಏಲಕ್ಕಿ ಬೇಕು. ಆಕೆ ಸ್ವಲ್ಪ ಹೂರಣ ಬೇರೆ ತೆಗೆದು, ಮಗನಿಗೆಂದು ಏಲಕ್ಕಿ ಹೆಚ್ಚು ಹಾಕಿ, ಬೇರೆಯಾಗಿ ತಟ್ಟಿದ್ದರು. ನಾಲ್ಕನ್ನೂ ನಾನು ತಿಂದೆ. ಎರಡು ಸೀಟು ಮುಂದೆ ನನ್ನ ಗಂಡ ಕಿಟಕಿಯಾಚೆ ನೋಡುತ್ತಾ ಭಾನುವಾರದ ಸಾಕ್ಷಿ ಹೊಂದಿಸಿಕೊಳ್ಳುತ್ತಿದ್ದರು.

ಆ ಸಲದ ಬೇಸಿಗೆಯಲ್ಲಿ ಅತ್ತೆ ಕಣ್ಣು ತೋರಿಸಲು ಮಧುಗಿರಿಗೆ ಬಂದಿದ್ದಾಗ ಕೇಳಿದರು. "ತಿಂದ್ನೇನಮ್ಮ?"

"ತಿಂದ್ರು ಅತ್ತೆ. ಬಸ್ಸಲ್ಲೇ ನಾಲ್ಕೂ ತಿಂದ್ರು. ಏಲಕ್ಕಿ ಚೆನ್ನಾಗಿತ್ತು ಅಂದ್ರು."

ಆಕೆ ನಕ್ಕದ್ದನ್ನು ಆವತ್ತು ಮೊದಲ ಸಲ ನೋಡಿದೆ. ಒಂದು ಮುದುಕಿಗೆ ಸಂತೋಷವಾಗುವ ಸುಳ್ಳು, ಏನು ಮಹಾ ಎಂದುಕೊಂಡೆ. ಮುಂದಿನ ಯುಗಾದಿಗೆ ಮತ್ತೆ ಡಬ್ಬಿ ಬಂತು, ಮತ್ತೆ ತಿಂದೆ, ಮತ್ತೆ ಹೇಳಿದೆ. ಹೀಗೆ ಎಂಟು ವರ್ಷ. ಇವರು ವೇದಿಕೆಯ ಮೇಲೆ ಸೈತಾನನನ್ನು ಓಡಿಸುವಾಗ ನಾನು ಕೆಳಗೆ ಚಾಪೆಯ ಮೇಲೆ ಕೂತು ಒಳಗೊಳಗೇ ನಗುತ್ತಿದ್ದೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಅಯ್ಯಾ, ನೀನು ಗೆದ್ದ ಸೈತಾನ ನನ್ನ ಹೊಟ್ಟೆಯಲ್ಲಿ ಜೀರ್ಣವಾಗಿ ನಾಲ್ಕು ದಿನವಾಯಿತು ಎಂದು ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ. ಹೇಳಿಬಿಟ್ಟರೆ ಮರುವರ್ಷ ನಗಲು ಏನಿರುತ್ತದೆ?

ಈ ವರ್ಷದ ಯುಗಾದಿ ಒಂಬತ್ತನೆಯದು. ನಾವು ಹೋದಾಗ ಎಡೆಗೆ ಇನ್ನೂ ಅರ್ಧ ಗಂಟೆ ಇತ್ತು. ಮೂಡಲಗಿರಿಯಪ್ಪ ಭಾವ ಒದ್ದೆ ಪಂಚೆಯಲ್ಲಿ ದೇವರ ಮುಂದೆ ಬಾಳೆಲೆ ಹಾಸುತ್ತಿದ್ದರು. ಹಿಂದಿನ ವರ್ಷ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಕುಂಟುತ್ತಿದ್ದರು. ಇವರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ, ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಿಟ್ಟುಕೊಂಡು, ಹುತಾತ್ಮರ ಮುಖ ಮಾಡಿ ಕೂತರು. ಅಷ್ಟರಲ್ಲಿ ಅಡುಗೆಮನೆಯಿಂದ ಭಾವನ ಹೆಂಡತಿ ಲಕ್ಷ್ಮೀದೇವಿಯ ಕೂಗು ಕೇಳಿತು.

"ಏನತ್ತೆ ಇದು? ಎಡೆ ಇನ್ನೂ ಇಟ್ಟಿಲ್ಲ, ಇದು ಆಗ್ಲೇ ಡಬ್ಬಿ ಸೇರ್ಕಂಡೈತೆ!"

ಕರ್ಪೂರ ಹುಡುಕಲು ಹೋಗಿ ರಾಗಿ ಡ್ರಮ್ಮಿನ ಹಿಂದೆ ಕೈ ಹಾಕಿದ್ದಳು. ಡಬ್ಬಿ ಇನ್ನೂ ಬಿಸಿ ಇತ್ತು. ಅದನ್ನು ಎತ್ತಿ ಹಿಡಿದುಕೊಂಡೇ ನಡುಮನೆಗೆ ಬಂದಳು. ಹಿಂದೆಯೇ ಅತ್ತೆ, ಕೈಯಲ್ಲಿ ಇನ್ನೂ ಹಿಟ್ಟು.

"ಎಷ್ಟು ವರ್ಸದಿಂದ ನಡೀತೈತೆ ಇದು?"

"ಇದೂ ಸೇರಿ ಒಂಬತ್ತು" ಎಂದರು ಅತ್ತೆ. ಆಕೆಗೆ ಸುಳ್ಳು ಬರುವುದಿಲ್ಲ.

ಲಕ್ಷ್ಮೀದೇವಿ ಗಂಡನ ಕಡೆ ತಿರುಗಿದಳು. "ಕೇಳುದ್ರಾ? ರಕ್ಷಾ ನಿಶ್ಚಿತಾರ್ಥ ಯಾಕೆ ಮುರೀತು, ನಿಮ್ ಕಾಲ್ ಯಾಕೆ ಮುರೀತು ಅಂತ ಊರೆಲ್ಲ ಶಾಸ್ತ್ರ ಕೇಳ್ಕಂಡು ತಿರುಗುದ್ವಲ್ಲ. ಇಲ್ಲಿ ಮನೇಲೇ ಮೀಸ್ಲು ಮುರ್ದು, ಮಿಕ್ಕಿದ್ ಎಂಜ್ಲ ತಿಮ್ಮಪ್ಪನ ಮುಂದೆ ಇಟ್ಟವ್ರೆ ಒಂಬತ್ತು ವರ್ಸ!"

"ನಿಜಾನೇನವ್ವ?" ಎಂದರು ಭಾವ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು.

"ಹೂಂ ಕಣಪ್ಪ. ಪಾಪ ಏನಿದ್ರೂ ನನ್ ತಲೆ ಮ್ಯಾಲೆ ಇರ್ಲಿ, ಮಕ್ಳು ಮರೀಗೆ ತಟ್ಟಸ್ಬ್ಯಾಡ ಅಂತ ವರ್ಸಾ ವರ್ಸ ಸ್ವಾಮಿ ಮುಂದೆ ಅಡ್ಡ ಬಿದ್ದಿವ್ನಿ. ಅವ್ನೂ ನನ್ ಹೊಟ್ಟೇಲೇ ಹುಟ್ಟಿದ್ದಲ್ವಾ? ವರ್ಸಕ್ಕೊಂದ್ ಸಲ ನನ್ ಕೈಲಿ ತಿನ್ನದ್ ಬ್ಯಾಡ್ವಾ?"

"ಎಲ್ಲಿ ತಿಂತಾನತ್ತೆ ಅವ್ನು! ನೋಡಿ, ಬಾಟ್ಲಿ ಇಟ್ಕಂಡ್ ಕೂತವ್ನೆ. ಯಾವನೂ ತಿನ್ದೇ ಇರೋದಕ್ಕೆ ದ್ಯಾವ್ರನ್ನ ಎದುರು ಹಾಕ್ಕಂಡ್ರಾ?"

"ತಿಂತಾನೆ" ಎಂದರು ಅತ್ತೆ. ಅಲ್ಲಿಯವರೆಗೆ ತಗ್ಗಿದ್ದ ತಲೆ ಮೇಲಾಯಿತು. "ನಿಮ್ ಮುಂದೆ ನಾಚ್ಕಂತಾನೆ. ಬಸ್ಸಲ್ಲಿ ತಿಂತಾನೆ. ಒಂದ್ ವರ್ಸಾನೂ ಬುಟ್ಟಿಲ್ಲ. ನರ್ಸಮ್ಮನ್ನೇ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು.

ನಿಜ ಹೇಳಿದರೆ ಆ ಹೆಂಗಸು ಒಂಬತ್ತು ವರ್ಷ ಹೊತ್ತ ಪಾಪ ಬರೀ ಪಾಪವಾಗಿ ಉಳಿಯುತ್ತಿತ್ತು. ಅದೂ ಸೊಸೆಯ ಹೊಟ್ಟೆ ತುಂಬಿಸಲು ಮಾಡಿದ ಪಾಪ. ಮೊದಲ ವರ್ಷವೇ "ತಿನ್ನಲಿಲ್ಲ ಅತ್ತೆ" ಎಂದಿದ್ದರೆ ಆಕೆ ಅತ್ತು ಸುಮ್ಮನಾಗುತ್ತಿದ್ದರು, ಮುಂದಿನ ಎಂಟು ಸಲ ಮೀಸಲು ಮುರಿಯುತ್ತಿರಲಿಲ್ಲ. ಇದು ನನಗೆ ಮೊದಲು ಹೊಳೆದದ್ದೇ ಆ ಗಳಿಗೆಯಲ್ಲಿ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಸುಳ್ಳು ಹೇಳೋಣವೆಂದರೆ ತಿನ್ನದವರು ಎದುರಿಗೇ ಕೂತಿದ್ದರು.

ಇವರು ಏನು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಂಥ ಸಾಕ್ಷಿ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕುಟುಂಬವೆಲ್ಲ ಸೇರಿದೆ, ತಾಯಿ ತಲೆ ಎತ್ತಿ ಹೇಳುತ್ತಿದ್ದಾಳೆ, ಇವರು ಎದ್ದು ನಿಂತು "ನಾನು ಮುಟ್ಟಿಲ್ಲ, ನನ್ನ ಕರ್ತನಾಣೆ, ಒಂದು ಚೂರೂ ಮುಟ್ಟಿಲ್ಲ" ಎಂದರೆ ಸಾಕು. ಅದು ನಿಜವೂ ಹೌದು. ಒಂಬತ್ತು ವರ್ಷದ ಜಯ ಒಂದೇ ಏಟಿಗೆ ರುಜುವಾತಾಗುತ್ತಿತ್ತು. ಜೊತೆಗೆ ತಾತನ ಕಾಲದ ಕ್ರೈಸ್ತಳು, ಮಾತು ಮಾತಿಗೂ ಮೂಗು ಮುರಿಯುವ ಹೆಂಡತಿ, ಕಳ್ಳಿ ಎಂದು ತೋರಿಸಿದ ಹಾಗೂ ಆಗುತ್ತಿತ್ತು. ಇಂಥದನ್ನು ಬಿಡುವಷ್ಟು ದೊಡ್ಡ ಮನುಷ್ಯ ಇವರಲ್ಲ ಎಂದುಕೊಂಡೆ.

ಇವರು ನನ್ನನ್ನು ನೋಡಿದರು. ಮೀಟರ್ ಓದುವ ಹಾಗೆ, ಒಂದೇ ಸಲ, ನೇರವಾಗಿ. ಎಲ್ಲ ಗೊತ್ತಾಯಿತು ಅವರಿಗೆ. ಆಮೇಲೆ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ವೇದಿಕೆಯ ಮೇಲೆ ಮಾಡುವ ಪ್ರಾರ್ಥನೆ ಬೀದಿಗೆಲ್ಲ ಕೇಳುತ್ತದೆ, ಇದು ಪಕ್ಕದಲ್ಲಿದ್ದ ನನಗೂ ಕೇಳಲಿಲ್ಲ.

ಎದ್ದು ಒಳಗೆ ಹೋದರು.

"ಅತ್ತಿಗೆ, ಆ ಡಬ್ಬಿ ಇತ್ಲಾಗ್ ಕೊಡಿ" ಎಂದರು. "ಅವ್ವ, ಈ ಸಲ ಬಸ್ಸಲ್ಲಿ ಬ್ಯಾಡ. ಇಲ್ಲೇ, ನಿನ್ ಮುಂದೇನೇ ತಿಂತೀನಿ."

ನೆಲದ ಮೇಲೆ ಕೂತರು. "ತಂದೆಯೇ, ನಮ್ಮವ್ವನ ಕೈಗಾಗಿ ಸ್ತೋತ್ರ" ಎಂದು ಒಂದೇ ಮಾತು ಹೇಳಿ, ಡಬ್ಬಿ ತೆರೆದು ತಿನ್ನತೊಡಗಿದರು. ನಾಟಕ ಮಾಡಲಿಲ್ಲ, ಕಣ್ಣಲ್ಲಿ ನೀರು ತಂದುಕೊಳ್ಳಲಿಲ್ಲ. ಹಸಿದವರು ತಿನ್ನುವ ಹಾಗೆ ತಿಂದರು. ಅತ್ತೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ತುಪ್ಪದ ಬಟ್ಟಲು ಹಿಡಿದಿದ್ದರು, ಒಂದು ಮುಗಿದ ಹಾಗೆ ಇನ್ನೊಂದಕ್ಕೆ ಸುರಿಯುತ್ತಿದ್ದರು. ತುಪ್ಪ ಇವರ ಮೊಣಕೈ ತನಕ ಇಳಿದು ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಹತ್ತಿತು.

ಲಕ್ಷ್ಮೀದೇವಿ ಏನೋ ಹೇಳಲು ಬಾಯಿ ತೆರೆದಳು. ಮೂಡಲಗಿರಿಯಪ್ಪ ಭಾವ ಹಾಸಿದ್ದ ಬಾಳೆಲೆಯನ್ನು ಮಡಿಸಿದರು.

"ಬುಡು ಲಕ್ಷ್ಮಿ. ಬ್ಯಾರೆ ಬ್ಯಾಳೆ ಬೇಯಕ್ಕಿಡು. ಎಡೆ ಸಂಜೀಕೆ ಇಡಾನ" ಎಂದರು. ತಾಯಿಯ ಕಡೆ ತಿರುಗಿ, "ಅವ್ವ, ಇನ್ಮ್ಯಾಕೆ ಇವ್ನಿಗೆ ಬ್ಯಾರೆ ಪಾತ್ರೇಲಿ, ಬ್ಯಾರೆ ಬ್ಯಾಳೇಲಿ ಮಾಡ್ಬುಡು. ಮೀಸ್ಲಲ್ಲಿ ಕೈ ಇಕ್ಬ್ಯಾಡ" ಎಂದರು. ಇಷ್ಟು ಸುಲಭದ ದಾರಿ ಒಂಬತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ಕೇಳಿದ್ದರೆ ತಾನೇ ಹೊಳೆಯುವುದು.

ವಾಪಸ್ ಬರುವಾಗ ನಾನು ಇವರ ಪಕ್ಕದಲ್ಲೇ ಕೂತೆ. ಈಗ ಶುರು ಮಾಡುತ್ತಾರೆ, ಮಧುಗಿರಿ ಬರುವುದರೊಳಗೆ ನನ್ನ ಮೂರು ತಲೆಮಾರನ್ನು ಜಾಲಾಡುತ್ತಾರೆ ಎಂದು ಕಾದೆ. ಬೈದರೆ ತಿರುಗಿಸಿ ಹೇಳಲು ನನ್ನ ಹತ್ತಿರವೂ ಇತ್ತು. ಬಸ್ಸು ಮಧುಗಿರಿ ಬೆಟ್ಟದ ಬುಡಕ್ಕೆ ಬಂತು. ಇವರು ತುಪ್ಪದ ಕಲೆಯ ಮೇಲೆ ಕರವಸ್ತ್ರ ಇಟ್ಟುಕೊಂಡು ಕೂತೇ ಇದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಕಟ್ಟು ದಂಟಿನ ಸೊಪ್ಪು ತಗೊಂಡರು.

ಇನ್ನು ಭಾನುವಾರ ಇದೆಯಲ್ಲ ಎಂದುಕೊಂಡೆ. ಈ ಮನುಷ್ಯ ತಾಯಿಯ ಮುಂದೆ ಸೋತದ್ದನ್ನೂ ಅಲ್ಲಿ ಗೆಲುವು ಮಾಡಿ ಹೇಳದೆ ಬಿಡುವವರಲ್ಲ, ಅದರಲ್ಲಿ ನನ್ನ ಪಾಲೂ ಇರುತ್ತದೆ. ಹೆಗಲು ಮುಟ್ಟಿಕೊಳ್ಳುವ ಕುಂಬಳಕಾಯಿ ಕಳ್ಳಿಯ ಹಾಗೆ ಸೆರಗು ಹೊದ್ದು ಮೂಲೆಯಲ್ಲಿ ಕೂತೆ. ಪಾಸ್ಟರ್ "ಬ್ರದರ್ ಅನಿಲ್ ಕುಮಾರ್" ಎಂದರು. ಸಭೆ ಒಬ್ಬಟ್ಟಿಗಾಗಿ ಸರಿಯಾಗಿ ಕೂತುಕೊಂಡಿತು. ಇವರು ಎದ್ದರು, ಮುಂದೆ ಬಂದ ಮೈಕನ್ನು ಕೈಯಿಂದ ತಳ್ಳಿದರು.

"ಈ ಸಲ ಹೇಳೋಕೇನಿಲ್ಲ. ನಂಗೆ ಪ್ರಾರ್ಥನೆ ಮಾಡಿ" ಎಂದು ಕೂತರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಣ್ಣರಂಗಯ್ಯ ಮಾತ್ರ ತಿರುಗಿ ಇವರನ್ನು ನೋಡಿ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

ಮನೆಗೆ ನಡೆದು ಬಂದೆವು. ಬಿಸಿಲು ಸುಡುತ್ತಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಇವರು ನಿಂತರು. ನನ್ನ ಮುಖ ನೋಡದೆ, ಕಾಲಿನ ಚಪ್ಪಲಿ ನೋಡುತ್ತಾ ಕೇಳಿದರು.

"ಅವ್ವ ಎಲ್ಲಾ ವರ್ಷಾನೂ ಏಲಕ್ಕಿ ಅಷ್ಟೇ ಜಾಸ್ತಿ ಹಾಕ್ತಿದ್ಲಾ?"

ಹಿಂದಿನ ಎಂಟು ವರ್ಷದ ಆ ರುಚಿ ಬಲ್ಲವಳು ಲೋಕದಲ್ಲಿ ನಾನೊಬ್ಬಳೇ.

"ಹೂಂ ರೀ" ಎಂದೆ. "ಎಲ್ಲಾ ವರ್ಷಾನೂ."